ಎಡಗಾಲಿನ ಸ್ಕೀ

"ಮುಟ್ಟಬೇಡ ಮಾಮ. ನೋಡು, ಅಷ್ಟೇ."

ಆಂಬ್ರೋಸ್ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಏಪ್ರನ್ನಿಗೆ ಒರೆಸಿಕೊಂಡ. ಅವನ ಕೆಲಸದ ಬೆಂಚಿನ ಮೇಲೆ ಸತ್ತವನ ಸ್ಕೀಗಳೆರಡೂ ಅಕ್ಕಪಕ್ಕ ಮಲಗಿದ್ದವು. ಒಂದರ ಅಂಚಿಗೆ ಪೈನ್ ಮರದ ತೊಗಟೆಯ ಚೂರು ಇನ್ನೂ ಅಂಟಿಕೊಂಡಿತ್ತು.

ಪೊಲೀಸ್ ವಶದಲ್ಲಿರಬೇಕಾದ ವಸ್ತುವನ್ನು, ಯಾರ ಮೇಲೆ ಅನುಮಾನವಿದೆಯೋ ಅವನ ಅಂಗಡಿಗೇ ಹೊತ್ತು ತಂದದ್ದು ತಪ್ಪು ಎಂದು ಇನ್‌ಸ್ಪೆಕ್ಟರ್ ಥೆಕ್ಲಾಳಿಗೆ ಚೆನ್ನಾಗಿ ಗೊತ್ತಿತ್ತು. ದಾರಿಯುದ್ದಕ್ಕೂ ಅವಳು ಅದನ್ನೇ ಯೋಚಿಸಿದ್ದಳು. ಎರಡು ಸಲ ಜೀಪು ನಿಲ್ಲಿಸಿ ವಾಪಸ್ ಹೋಗಿಬಿಡಲೇ ಎಂದೂ ಅಂದುಕೊಂಡಿದ್ದಳು.

ಆದರೆ ಹಿಂಟರ್‌ಕಾರ್‌ನಂಥ ಪುಟ್ಟ ಕಣಿವೆಯಲ್ಲಿ ಎಲ್ಲರೂ ಎಲ್ಲರಿಗೂ ಏನಾದರೊಂದು ಆಗಿರುತ್ತಾರೆ. ಚರ್ಚಿನಲ್ಲಿ ಅವಳಿಗೆ ಹೆಸರಿಟ್ಟ ದಿನ ಅವಳನ್ನು ತೋಳಿನಲ್ಲಿ ಹಿಡಿದು ನಿಂತಿದ್ದವನು ಈ ಆಂಬ್ರೋಸ್. ಅಪ್ಪ ಹೋದ ಮೇಲೆ ಅವಳಿಗೆ ಸ್ಕೀ ಕಲಿಸಿದವನೂ ಅವನೇ.

ಸತ್ತವನು ಊರಿನ ಸ್ಕೀ ಮೇಷ್ಟ್ರು ಫ್ಲೋರಿನ್. ಅವನು ಬಿದ್ದಾಗ ಬಲಗಾಲಿನ ಸ್ಕೀ ಕಳಚಿಕೊಂಡಿತ್ತು. ಎಡಗಾಲಿನದು ಕಳಚಿರಲಿಲ್ಲ. ಕಾಲನ್ನು ಕಚ್ಚಿ ಹಿಡಿದು, ತಿರುಚಿ, ಅವನನ್ನು ತಲೆಕೆಳಗಾಗಿ ಬಂಡೆಯವರೆಗೂ ಎಳೆದುಕೊಂಡು ಹೋಗಿತ್ತು.

"ಬಲಗಡೆ ಏಳು," ಎಂದಳು ಥೆಕ್ಲಾ, ಬೂಟನ್ನು ಸ್ಕೀಗೆ ಕಚ್ಚಿಸುವ ಬೈಂಡಿಂಗಿನ ಪುಟ್ಟ ಕಿಂಡಿಯೊಳಗಿನ ಅಂಕಿಯನ್ನು ತೋರಿಸುತ್ತ. "ಎಡಗಡೆ ಹನ್ನೆರಡು. ಮುಂದೂ ಹನ್ನೆರಡು, ಹಿಂದೂ ಹನ್ನೆರಡು."

ಅಂಕಿ ಸಣ್ಣದಿದ್ದರೆ ಬಿದ್ದ ತಕ್ಷಣ ಬೈಂಡಿಂಗ್ ಬೂಟನ್ನು ಬಿಟ್ಟುಬಿಡುತ್ತದೆ. ದೊಡ್ಡದಿದ್ದರೆ ಬಿಡುವುದಿಲ್ಲ. ಫ್ಲೋರಿನ್‌ನಂಥ ಹಗುರ ಮೈಯವನಿಗೆ ಹನ್ನೆರಡು ಎಂದರೆ ಕಾಲಿಗೆ ಸ್ಕೀಯನ್ನು ಮೊಳೆ ಹೊಡೆದಂತೆಯೇ.

"ನಾನು ಎರಡಕ್ಕೂ ಏಳೇ ಇಟ್ಟಿದ್ದು," ಎಂದ ಆಂಬ್ರೋಸ್.

"ನೀನು ಹಂಗಂತೀಯ. ಇನ್ಸ್‌ಬ್ರುಕ್‌ನ ಸರ್ಕಾರಿ ವಕೀಲರು ಬೇರೆ ಹೇಳ್ತಾರೆ. ಕಣ್ಣು ಮಂಜಾದ ಮುದುಕ ಅಂಕಿ ತಪ್ಪಿಟ್ಟ ಅಂತ. ನಾಳೆ ಮಣ್ಣಾದ ಮೇಲೆ ನಿರ್ಲಕ್ಷ್ಯದಿಂದ ಸಾವು ಅಂತ ಕೇಸು ಹಾಕ್ತಾರಂತೆ. ಕಾಗದ ತಯಾರಾಗಿದೆ, ಸಹಿ ಒಂದು ಬಾಕಿ."

"ಹಾಕ್ಲಿ."

"ಹಾಕ್ಲಿ ಅಂದ್ರೆ? ಅಂಗಡಿಗೆ ಬೀಗ ಬೀಳುತ್ತೆ ಮಾಮ. ಜೈಲಿಗೂ ಹೋಗ್ಬೇಕಾಗುತ್ತೆ."

ಹೊರಗೆ ದಕ್ಷಿಣದ ಬಿಸಿಗಾಳಿ ಬೀಸುತ್ತಿತ್ತು. ಮಾಡಿನ ಹಿಮ ಕರಗಿ ಕಿಟಕಿಯ ಮುಂದೆ ತೊಟ್ಟಿಕ್ಕುತ್ತಿತ್ತು. ಈ ಗಾಳಿ ಬಂದಾಗೆಲ್ಲ ಊರಿನ ಅರ್ಧ ಜನಕ್ಕೆ ತಲೆನೋವು, ಉಳಿದರ್ಧಕ್ಕೆ ಸಿಡುಕು.

ಥೆಕ್ಲಾ ಕಣ್ಣೆತ್ತಿ ಗೋಡೆ ನೋಡಿದಳು. ಸ್ಪ್ಯಾನರು, ಅರ, ಸುತ್ತಿಗೆ ಎಲ್ಲವೂ ಹಲಗೆಯ ಮೇಲೆ ಸಾಲಾಗಿ ನೇತಾಡುತ್ತಿದ್ದವು. ಪ್ರತಿಯೊಂದರ ಹಿಂದೆಯೂ ಅದರದೇ ಆಕಾರವನ್ನು ಕೆಂಪು ಬಣ್ಣದಲ್ಲಿ ಬರೆದಿತ್ತು. ಚಿಕ್ಕವಳಿದ್ದಾಗ ಆ ಆಕಾರಗಳಿಗೆ ಬಣ್ಣ ತುಂಬಿದವಳು ಅವಳೇ. ಅದರಲ್ಲಿ ಒಂದು ಮಾತ್ರ ಖಾಲಿಯಿತ್ತು. ಮೋಟು ಹಿಡಿಯ ಒಂದು ಸ್ಕ್ರೂಡ್ರೈವರಿನ ಆಕಾರ.

"ಅದೆಲ್ಲಿ?"

"ಯಾವುದು? ಓ, ಅದಾ. ಎಲ್ಲೋ ಬಿಸಾಕಿದೀನಿ. ವಯಸ್ಸಾಯ್ತಲ್ಲ ಮಗಳೇ."

ಥೆಕ್ಲಾ ಆ ಖಾಲಿ ಜಾಗವನ್ನೇ ನೋಡಿದಳು. ಮರೆವು ಬಂದಿದೆ. ವಕೀಲ ಹೇಳುವುದು ನಿಜವೇ ಇರಬಹುದೇ?

"ಈ ಸ್ಕೀ ಆರಿಸಿದ್ದು ನೀನೇನಾ?"

"ನಾನಾ? ನಾನು ಬೇಡಬೇಡ ಅಂತ ಬಡ್ಕೊಂಡೆ." ಮೊದಲ ಸಲ ಅವನ ದನಿಗೆ ಸ್ವಲ್ಪ ಜೀವ ಬಂತು. "ಆ ಹುಡುಗ ಹಗುರ. ಕಾಲಲ್ಲಿ ಜಾಣತನ ಇತ್ತು, ತೂಕ ಇರ್ಲಿಲ್ಲ. ಅವನ ಗಲ್ಲದಷ್ಟು ಎತ್ತರದ್ದು, ನಡು ಸಣ್ಣಗಿರೋದು ಒಂದು ಜೋಡಿ ತೆಗೆದಿಟ್ಟಿದ್ದೆ. ಬೆಳಗ್ಗೆ ಗಟ್ಟಿ ಹಿಮದ ಮೇಲೂ ಕಚ್ಚಿ ಹಿಡಿಯುತ್ತೆ, ಮಧ್ಯಾಹ್ನ ಮರಗಳ ನಡುವಿನ ಮೆತ್ತನೆ ಹಿಮದಲ್ಲೂ ತೇಲುತ್ತೆ. ಇಡೀ ಬೆಟ್ಟಕ್ಕೆ ಅದೊಂದೇ ಸಾಕು ಅನ್ನೋ ಹಂಗೆ. ಅವನ ಗೆಳೆಯ ರುಪರ್ಟ್ ಬಂದು ಕೆಡಿಸ್ದ."

"ಏನಂದ?"

"ಇಬ್ರಿಗೂ ಒಂದೇ ಥರದ್ದೇ ಬೇಕು ಅಂದ. ಅಗಲದ್ದು, ಉದ್ದದ್ದು, ಹೊಟ್ಟೆಯೊಳಗೆ ಲೋಹದ ತಗಡು ಇರೋದು. ಆ ಎಮ್ಮೆಗೆ ಅದು ಸರಿ. ಗುಬ್ಬಚ್ಚಿಗೆ ಯಾಕಯ್ಯಾ ಎಮ್ಮೆ ಗೊರಸು ಅಂದೆ. ಹುಟ್ಟಿದಬ್ಬದ ಉಡುಗೊರೆ, ನೀನು ಬಾಯಿ ಮುಚ್ಕೊಂಡು ಬೈಂಡಿಂಗ್ ಕೂರ್ಸು ಅಂದ."

"ಬೈಂಡಿಂಗೂ ಒಂದೇ?"

"ಒಂದೇ. ಹದಿಮೂರರವರೆಗೆ ಬಿಗಿಯಾಗೋದು. ಆ ಹುಡುಗನಿಗೆ ಅಷ್ಟು ಬಲದ್ದು ಬೇಕೇ ಇರ್ಲಿಲ್ಲ."

ಥೆಕ್ಲಾ ಸುಮ್ಮನೆ ಬಗ್ಗಿ ನಿಂತಳು. ಒಂದೇ ಥರದ ಎರಡು ಜೋಡಿ. ಬಟ್ಟೆಯ ತುದಿಗೆ ಎಂಜಲು ಹಚ್ಚಿ ಬಲಗಾಲಿನ ಸ್ಕೀಯ ಪಕ್ಕೆಯನ್ನು ಒರೆಸಿದಳು. ಕಾರ್ಖಾನೆಯಲ್ಲಿ ಕೊರೆದ ಅಂಕಿಗಳು ಕಾಣಿಸಿದವು. ಕೊನೆಗೆ ನಾಲ್ಕು, ಒಂದು. ಎಡಗಾಲಿನದನ್ನು ಒರೆಸಿದಳು.

ಕೊನೆಗೆ ನಾಲ್ಕು, ಆರು.

ಮತ್ತೊಮ್ಮೆ ಒರೆಸಿದಳು. ಬೆಳಕಿಗೆ ಹಿಡಿದು ನೋಡಿದಳು. ಜೋಡಿ ಸ್ಕೀಗಳಿಗೆ ಒಂದೇ ಅಂಕಿ ಇರುತ್ತದೆ.

"ಮಾಮ, ಇವು ಒಂದು ಜೋಡಿ ಅಲ್ಲ. ಎಡಗಾಲಿಂದು ರುಪರ್ಟಂದು!"

ಆಂಬ್ರೋಸ್ ಕನ್ನಡಕ ಹಾಕಿಕೊಳ್ಳದೆಯೇ ತಲೆಯಾಡಿಸಿದ. "ಹಂಗಾ," ಎಂದ.

ಪಾಪ, ಖುಷಿಪಡುವ ಶಕ್ತಿಯೂ ಉಳಿದಿಲ್ಲ ಎಂದುಕೊಂಡಳು ಥೆಕ್ಲಾ. ಕುಂಟುತ್ತ ಬಾಗಿಲವರೆಗೆ ಬಂದವನಿಗೆ, "ಮಂಡಿ ನೋವು ಜಾಸ್ತಿನಾ?" ಎಂದು ಕೇಳಿದಳು.

"ಈ ಚಳಿಗಾಲ ಬೆಟ್ಟಕ್ಕೆ ಹೋಗೋ ತಂತಿ ಲಿಫ್ಟೇ ಹತ್ತಿಲ್ಲ ಕಣೆ," ಎಂದ ಆಂಬ್ರೋಸ್. "ಬೆಟ್ಟದ ಮುಖ ನೋಡಿಲ್ಲ."

*

ರುಪರ್ಟ್ ಹೋಟೆಲಿನ ನೆಲಮಾಳಿಗೆಯಲ್ಲಿದ್ದ. ಸಾಲು ಸಾಲು ಬೂಟುಗಳು ಬಿಸಿಗೂಟಗಳ ಮೇಲೆ ಒಣಗುತ್ತಿದ್ದವು. ಬೆವರು, ರಬ್ಬರು, ಒದ್ದೆ ಉಣ್ಣೆ ಎಲ್ಲ ಬೆರೆತ ವಾಸನೆ. ಬಾಗಿಲಿನಷ್ಟು ಅಗಲದ ಆಳು, ಬೆಂಚಿನ ಮೇಲೆ ಕುಗ್ಗಿ ಕೂತಿದ್ದ. ಪಕ್ಕದಲ್ಲಿ ಶ್ನಾಪ್ಸ್ ಬಾಟಲಿ.

"ಬನ್ನಿ ಇನ್‌ಸ್ಪೆಕ್ಟರಮ್ಮ. ಕುಡೀತೀರಾ, ಇಲ್ಲ ಕೈಗೆ ಬೇಡಿ ಹಾಕ್ತೀರಾ?"

"ಮೊದ್ಲು ನಿನ್ನ ಸ್ಕೀ ತೋರ್ಸು."

"ನಾಳೆ ನಾನವನ ಪೆಟ್ಟಿಗೆಗೆ ಹೆಗಲು ಕೊಡ್ಬೇಕು ಥೆಕ್ಲಾ. ಇವತ್ತೊಂದಿನ ಬಿಟ್ಬಿಡು."

"ತೋರ್ಸು."

ಅವನು ಮೂಲೆಯತ್ತ ಗಲ್ಲ ತಿರುಗಿಸಿದ. ಎರಡು ಸ್ಕೀಗಳು ಗೋಡೆಗೆ ಒರಗಿದ್ದವು. ಒಂದರ ಪಕ್ಕೆಯಲ್ಲಿ ನಾಲ್ಕು, ಆರು. ಇನ್ನೊಂದರಲ್ಲಿ ನಾಲ್ಕು, ಒಂದು. ಅವಳು ಬೆರಳಿಟ್ಟು ಎರಡೆರಡು ಸಲ ಓದಿಕೊಂಡಳು.

ಆಗ ಅವಳಿಗೆ ಅದು ನೆನಪಾಯಿತು. ಫ್ಲೋರಿನ್ ಸತ್ತ ಮಧ್ಯಾಹ್ನ ರುಪರ್ಟ್ ಇಳಿಜಾರಿನಲ್ಲಿ ಒಂಟಿ ಕಾಲಿನಲ್ಲಿ ಬಂದಿದ್ದ. ಬಲಗಾಲಿಗೆ ಒಂದು ಸ್ಕೀ, ಇನ್ನೊಂದು ಹೆಗಲ ಮೇಲೆ. ಲಿಫ್ಟಿನ ಕೆಳಗಿದ್ದ ಜನ ಚಪ್ಪಾಳೆ ತಟ್ಟಿದ್ದರು. ಯಾರದ್ದೋ ಜೊತೆ ಪಂತ ಕಟ್ಟಿರಬೇಕೆಂದು ಅವಳೂ ನಕ್ಕಿದ್ದಳು. ಒಂದು ಗಂಟೆಯ ಮೇಲೆ ಸುದ್ದಿ ಬಂದಿತ್ತು.

"ಹೆಗಲ ಮೇಲಿದ್ದದ್ದು ಅವನದು," ಎಂದಳು.

ರುಪರ್ಟ್ ಬಾಟಲಿಯ ಬಿರಡೆಯನ್ನು ಬೆರಳಲ್ಲಿ ತಿರುಗಿಸುತ್ತ ಕೂತ.

"ಮೇಲೆ ಹುಟ್ಟೆಯಲ್ಲಿ ಊಟಕ್ಕೆ ಕೂತಾಗ ನಾವು ಯಾವಾಗ್ಲೂ ಅದ್ಲುಬದ್ಲು ಮಾಡ್ತೀವಿ. ನಿಂಗೇನು ಹೇಳ್ಕೊಡ್ಬೇಕಾ?"

ಹೇಳಿಕೊಡಬೇಕಿರಲಿಲ್ಲ. ಬೆಟ್ಟದ ನೆತ್ತಿಯ ಆ ಊಟದ ಮನೆಯ ಹೊರಗೆ ಸ್ಕೀ ಕಳ್ಳರ ಕಾಟ. ಅದಕ್ಕೇ ಗೆಳೆಯರು ತಮ್ಮ ಜೋಡಿಗಳನ್ನು ಒಡೆಯುತ್ತಾರೆ. ನನ್ನದೊಂದು ನಿನ್ನದೊಂದು ಈ ತುದಿಗೆ, ಉಳಿದೆರಡು ಆ ತುದಿಗೆ. ಹೊಂದದ ಜೋಡಿಯನ್ನು ಕಳ್ಳ ಮುಟ್ಟುವುದಿಲ್ಲ. ಮೊದಲು ಹೊರಡುವವನು ಗೆಳೆಯನ ಜೋಡಿಯನ್ನು ಕೂಡಿಸಿಟ್ಟು ಹೋಗಬೇಕು. ಅದು ಮರ್ಯಾದೆ.

"ನೀನು ಕೂಡಿಸಿಡ್ಲಿಲ್ಲ."

"ಇಲ್ಲ. ಬೇಕಂತ್ಲೇ ಇಡ್ಲಿಲ್ಲ." ಅವನು ಬಿರಡೆಯನ್ನು ಬೆಂಚಿನ ಮೇಲೆ ಕುಕ್ಕಿದ. "ಅವತ್ತು ಎಲ್ಲರೆದುರಿಗೆ ನನ್ನ ಆಡ್ಕೊಂಡ. ರುಪರ್ಟ್ ತಿರುಗೋದು ನೋಡಿದ್ರೆ ಬಿಯರ್ ಲಾರಿ ರಿವರ್ಸ್ ತಗೊಂಡಂಗಿರುತ್ತೆ ಅಂದ. ಮೇಜಿಗೆ ಮೇಜೇ ನಕ್ಕಿತು. ಇರು ಮಗನೇ ಅಂದ್ಕೊಂಡು ಎದ್ದು ಬಂದೆ. ಒಂದು ತುದಿಯಲ್ಲಿದ್ದ ಎರಡನ್ನ ಹಂಗೇ ಎತ್ಕೊಂಡೆ. ಅವನಿಗೆ ನಂದೊಂದು ಉಳೀಲಿ ಅಂತ."

"ಅವನು ಸಾಯ್ಲಿ ಅಂತ."

"ಥೂ!" ರುಪರ್ಟ್ ಎದ್ದು ನಿಂತ. ಬಾಟಲಿ ಉರುಳಿ ನೆಲದ ಮೇಲೆ ಚೆಲ್ಲಿತು. "ಅವನು ಲಿಫ್ಟಲ್ಲಿ ಇಳೀಲಿ ಅಂತ ಕಣೆ! ಗಾಜಿನ ಡಬ್ಬಿಯಲ್ಲಿ, ಮಗು ಹೊತ್ತ ಪ್ರವಾಸಿಗಳ ನಡುವೆ, ಬೂಟು ಹಾಕ್ಕೊಂಡು ಕೂತ್ಕೊಂಡು! ಸ್ಕೀ ಮೇಷ್ಟ್ರು ಲಿಫ್ಟಲ್ಲಿ ಇಳಿದ್ರು ಅಂತ ಊರು ಒಂದು ವರ್ಷ ನಗ್ತಿತ್ತು. ಅಷ್ಟೇ ನಂಗೆ ಬೇಕಾಗಿದ್ದು."

"ಲಿಫ್ಟಲ್ಲಿ ಯಾಕಿಳೀಬೇಕು? ಹಾಕ್ಕೊಂಡು ಬರೋನು. ಬಂದ."

"ಹಾಕ್ಕೊಳಕ್ಕೇ ಆಗಲ್ಲ! ಅದನ್ನೇ ಹೇಳ್ತಿರೋದು. ತಲೆ ಕೆಟ್ಟುಹೋಗಿದೆ ನಂಗೆ, ಅದು ಹೆಂಗಾಯ್ತು ಅಂತ."

ಅವನು ಬಿಸಿಗೂಟದಿಂದ ತನ್ನ ಬೂಟೊಂದನ್ನು ಕಿತ್ತು ಅವಳ ಮುಂದೆ ಹಿಡಿದ. ಹಿಮ್ಮಡಿಯ ಹತ್ತಿರ ಅಟ್ಟೆಯ ಉದ್ದವನ್ನು ಅಚ್ಚೊತ್ತಿತ್ತು. ಫ್ಲೋರಿನ್‌ನ ಬೂಟಿನ ಅಳತೆ ಕಡತ ಓದಿ ಓದಿ ಥೆಕ್ಲಾಳಿಗೆ ಬಾಯಿಪಾಠವಾಗಿತ್ತು. ಇದು ಅದಕ್ಕಿಂತ ಮೂರು ಸೆಂಟಿಮೀಟರ್ ಉದ್ದ.

ತನಗೆ ಯಾಕೆ ಹೊಳೆಯಲಿಲ್ಲ? ರುಪರ್ಟನ ದೊಡ್ಡ ಬೂಟಿಗೆ ಕೂರಿಸಿದ ಬೈಂಡಿಂಗ್ ಫ್ಲೋರಿನ್‌ನ ಚಿಕ್ಕ ಬೂಟನ್ನು ಹಿಡಿಯುವುದೇ ಇಲ್ಲ. ಹಿಮ್ಮಡಿಯ ಹಿಂದೆ ಖಾಲಿ ಉಳಿಯುತ್ತದೆ, ಕಚ್ಚಿಕೊಳ್ಳುವುದಿಲ್ಲ. ಫ್ಲೋರಿನ್ ಮೂರು ಸಲ ತುಳಿದು, ಬೈದು, ಲಿಫ್ಟಿನತ್ತ ನಡೆಯಬೇಕಿತ್ತು.

"ಯಾರೋ ಬೈಂಡಿಂಗಿನ ಹಿಮ್ಮಡಿ ತುಂಡನ್ನ ಸ್ಕ್ರೂಡ್ರೈವರಲ್ಲಿ ಮುಂದಕ್ಕೆ ಸರಿಸಿದಾರೆ," ಎಂದಳು ಮೆಲ್ಲಗೆ.

"ನಾನಲ್ಲ. ನನ್ನ ಹತ್ರ ಸ್ಕ್ರೂಡ್ರೈವರ್ ಇದ್ದಿದ್ರೆ ಒಂಟಿ ಕಾಲಲ್ಲಿ ಯಾಕೆ ಸಾಯ್ತಾ ಬರ್ತಿದ್ದೆ? ಅವನದ್ದನ್ನೇ ನನ್ನ ಬೂಟಿಗೆ ಸರಿಮಾಡ್ಕೊಂಡು ಜುಮ್ಮಂತ ಬರ್ತಿರ್ಲಿಲ್ವಾ?"

ಅದು ನಿಜ. ಹೆಗಲ ಮೇಲೆ ಬಂದ ಸ್ಕೀ ಇನ್ನೂ ಚಿಕ್ಕ ಬೂಟಿನ ಅಳತೆಯಲ್ಲೇ ಇತ್ತು. ಅಂಕಿ ಏಳು. ಥೆಕ್ಲಾ ಅದರ ಪಕ್ಕದಲ್ಲಿದ್ದ ರುಪರ್ಟನ ಸ್ವಂತ ಸ್ಕೀಯ ಕಿಂಡಿಯ ಮೇಲೆ ಟಾರ್ಚ್ ಬಿಟ್ಟಳು. ಅಲ್ಲಿ ಹನ್ನೆರಡು ಇರಬೇಕಿತ್ತು.

ಇದ್ದದ್ದು ಒಂಬತ್ತು.

"ನಿಂದು ಒಂಬತ್ತಾ?"

"ಮತ್ತಿನ್ನೇನು? ಮಂಡಿ ಆಪರೇಷನ್ ಆದ್ಮೇಲೆ ಎರಡೂ ಒಂಬತ್ತೇ. ಜಾಸ್ತಿ ಮಾಡಿದ್ರೆ ನನ್ನ ಕಾಲೇ ಕಿತ್ಕೊಂಡು ಬರುತ್ತೆ."

ಥೆಕ್ಲಾ ಬೆಂಚಿನ ಮೇಲೆ ಕೂತಳು. ಬರಿ ಹಿಮ್ಮಡಿ ಸರಿಸಿದ್ದರೆ ಅದು ಯಾರದೋ ಉಪಕಾರ ಎನ್ನಬಹುದಿತ್ತು. ಆದರೆ ಒಂಬತ್ತರಲ್ಲಿದ್ದದ್ದು ತಾನಾಗಿಯೇ ಹನ್ನೆರಡಕ್ಕೆ ಏರುವುದಿಲ್ಲ. ಹಿಮದಲ್ಲಿ ಮಂಡಿಯೂರಿ ಯಾರೋ ಮುಂದಿನ ತಿರುಪನ್ನೂ ಹಿಂದಿನ ತಿರುಪನ್ನೂ ಬಿಗಿ ಮಾಡಿದ್ದಾರೆ. ಒಳಗೆ ಫ್ಲೋರಿನ್ ಊಟ ಮಾಡುತ್ತಿದ್ದಾಗ.

ಇದು ನಿರ್ಲಕ್ಷ್ಯವಲ್ಲ.

ಅವಳ ಮನಸ್ಸಿನ ಒಂದು ಮೂಲೆಗೆ ನೆಮ್ಮದಿಯಾಯಿತು. ಅದಕ್ಕೆ ಅವಳಿಗೇ ನಾಚಿಕೆಯೂ ಆಯಿತು. ಕೊಲೆಯಾದರೆ ಆಂಬ್ರೋಸ್ ಮಾಮ ಬದುಕಿದ.

"ಥೆಕ್ಲಾ," ರುಪರ್ಟ್ ಗೋಡೆಯತ್ತ ತಿರುಗಿದ್ದ. "ನಾನು ಕೂಡಿಸಿಟ್ಟಿದ್ರೆ ಅವನು ಇರ್ತಿದ್ದ, ಅಲ್ವಾ?"

ಅವಳು ಟಾರ್ಚ್ ಆರಿಸಿ ಮೆಟ್ಟಿಲು ಹತ್ತಿದಳು.

*

ಲಿಫ್ಟಿನ ಡಬ್ಬಿಯಲ್ಲಿ ಅವಳೊಬ್ಬಳೇ. ಅರ್ಧ ದಾರಿಗೆ ಮಂಜು ನುಂಗಿತು. ಕಿಟಕಿಗಳೆಲ್ಲ ಬೂದಿ ಬಳಿದಂತಾದವು. ಫ್ಲೋರಿನ್ ಬಿದ್ದ ಬಂಡೆ ಎಲ್ಲೋ ಕಾಲ ಕೆಳಗೇ ಹಾದುಹೋಯಿತು. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

ಜೇಬಿನಲ್ಲಿ ಫೋನ್ ಗುನುಗಿತು. ಸರ್ಕಾರಿ ವಕೀಲ ವೈಸ್ಕೋಫ್.

"ಸಹಿ ಹಾಕ್ಲಾ ಇನ್‌ಸ್ಪೆಕ್ಟರ್?"

"ಬೇಡ ಸರ್. ಸಂಜೆವರೆಗೆ ತಡೀರಿ. ಅಂಗಡಿಯ ತಪ್ಪಲ್ಲ. ಅದು ಬೇರೆಯವರ ಸ್ಕೀ, ಆಮೇಲೆ ಯಾರೋ ತಿರುಪು ಮುಟ್ಟಿದಾರೆ. ಯಾರು ಅಂತ ಕೇಳಕ್ಕೆ ಮೇಲೆ ಹೋಗ್ತಿದೀನಿ."

"ನಿಮ್ಮ ಮುದುಕನ್ನ ಉಳಿಸ್ಕೊಂಡ್ರಿ ಅನ್ನಿ."

"ಹಾಗೇನಿಲ್ಲ ಸರ್," ಎಂದಳು ಥೆಕ್ಲಾ. ಮುಖ ಬಿಸಿಯಾಯಿತು.

ಹುಟ್ಟೆಯಲ್ಲಿ ಗಿರಾಕಿಗಳಿರಲಿಲ್ಲ. ಒಡತಿ ಜಿಟಾ ಒಲೆಯ ಮುಂದೆ ಚೀಸ್ ಉಂಡೆಗಳನ್ನು ತಟ್ಟುತ್ತಿದ್ದಳು. ಗಿಡ್ಡ ಹೆಂಗಸು, ದೊಡ್ಡ ಬಾಯಿ. ಅವಳ ಅಡುಗೆಮನೆಯ ಕಿಟಕಿ ನೇರವಾಗಿ ಸ್ಕೀ ಒರಗಿಸುವ ಕಟಾಂಜನದತ್ತ ತೆರೆಯುತ್ತದೆ. ಅದಕ್ಕೇ ಥೆಕ್ಲಾ ಬಂದದ್ದು.

"ಕೂತ್ಕೋ, ಸಾರು ಕುಡಿ. ಮುಖ ನೋಡು, ಹೆಣದ ಥರ ಆಗಿದೆ. ಅಯ್ಯೋ, ಈ ಮಾತು ಈಗ ಆಡ್ಬಾರ್ದಾಗಿತ್ತು."

"ಜಿಟಾ, ಅವತ್ತು ರುಪರ್ಟ್ ಹೊರಟ ಮೇಲೆ, ಫ್ಲೋರಿನ್ ಇನ್ನೂ ಒಳಗಿದ್ದಾಗ, ಹೊರಗೆ ಸ್ಕೀ ಹತ್ರ ಯಾರಾದ್ರೂ ಇದ್ರಾ?"

"ನಿಮ್ಮ ಪೊಲೀಸ್ನೋರು ಆಗ್ಲೇ ಬಂದು ಕೇಳಿದ್ರಲ್ಲ."

"ಏನ್ ಕೇಳಿದ್ರು?"

"ಫ್ಲೋರಿನ್ ಎಷ್ಟು ಕುಡಿದಿದ್ದ ಅಂತ. ಕುಡಿದಿರ್ಲಿಲ್ಲ, ಸಾರು ಕುಡೀತಿದ್ದ ಅಂದೆ. ಬರ್ಕೊಂಡು ಹೋದ್ರು."

"ಹೊರಗೆ ಯಾರೂ ಅಪರಿಚಿತರು ಇರ್ಲಿಲ್ವಾ? ನೆನಪು ಮಾಡ್ಕೊ."

"ಅಪರಿಚಿತರು ಯಾರೂ ಇಲ್ಲಪ್ಪ." ಜಿಟಾ ಕೈಗಂಟಿದ ಹಿಟ್ಟನ್ನು ತಿಕ್ಕಿದಳು. "ಹಾಂ, ನೀನು ಕೆಳಗೆ ಹೋಗ್ತೀಯಲ್ಲ, ಇದನ್ನ ಕೊಟ್ಬಿಡು. ನಾನು ಇಳಿದಾಗ್ಲೆಲ್ಲ ಮರೀತೀನಿ."

ಬಾಗಿಲ ಪಕ್ಕದ ಮೊಳೆಯಿಂದ ಏನನ್ನೋ ತೆಗೆದು ಥೆಕ್ಲಾಳ ಅಂಗೈಯಲ್ಲಿಟ್ಟಳು.

ಮೋಟು ಹಿಡಿಯ ಸ್ಕ್ರೂಡ್ರೈವರ್. ಮರದ ಹಿಡಿಯ ಮೇಲೆ ಕಾದ ಕಬ್ಬಿಣದಿಂದ ಸುಟ್ಟು ಬರೆದ ಅಕ್ಷರ, ಆಂಬ್ರೋಸನದು. ಹಿಡಿಯ ಬುಡದಲ್ಲಿ ಕೆಂಪು ಬಣ್ಣದ ಒಂದು ಹಳೆಯ ಹನಿ. ಗೋಡೆಯ ಆಕಾರಗಳಿಗೆ ಬಣ್ಣ ತುಂಬುವಾಗ ಅದನ್ನು ಬೀಳಿಸಿದ್ದವಳು ಥೆಕ್ಲಾಳೇ.

"ಇದು... ಇಲ್ಲಿಗೆ ಹೆಂಗ್ ಬಂತು?"

"ಅವನೇ ಬಿಟ್ಟುಹೋದ. ಹಿಮದಲ್ಲಿ ಬಿದ್ದಿತ್ತು, ಕಟಾಂಜನದ ಬುಡದಲ್ಲಿ."

"ಹೋದ ವರ್ಷನಾ?"

"ಎಲ್ಲಿಯ ಹೋದ ವರ್ಷ! ಅವತ್ತೇ. ಕಿಟಕಿಯಿಂದ ನೋಡಿದೆ, ಸ್ಕೀಗಳ ಮುಂದೆ ಮಂಡಿಯೂರಿ ಕೂತಿದ್ದ. ಆ ಮಂಡಿ ಇಟ್ಕೊಂಡು ಯಾಕಪ್ಪಾ ಹಿಮದಲ್ಲಿ ಕೂತಿದಾನೆ ಅಂತ ಅಯ್ಯೋ ಅನ್ನಿಸ್ತು. ಒಳಗ್ ಬಾ, ಸಾರಿದೆ ಅಂತ ಕೂಗ್ದೆ. ಕೈ ಬೀಸಿ ಲಿಫ್ಟಿನ ಕಡೆ ಹೊರಟೇಹೋದ."

"ಇದನ್ನ ಪೊಲೀಸ್ನೋರಿಗೆ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ?" ಜಿಟಾಳಿಗೆ ನಗು ಬಂತು. "ಆಂಬ್ರೋಸ್ ಸ್ಕೀ ರಿಪೇರಿ ಮಾಡ್ತಿದ್ದ ಅನ್ನೋದು ಒಂದು ಸುದ್ದಿನಾ?"

ಬೆಟ್ಟದ ಮುಖ ನೋಡಿಲ್ಲ ಎಂದಿದ್ದ. ಕನ್ನಡಕ ಹಾಕಿಕೊಳ್ಳದೆಯೇ, ಅಂಕಿ ಓದದೆಯೇ, ಹಂಗಾ ಎಂದಿದ್ದ. ಇಡೀ ಹೊತ್ತು ಆ ಹುಡುಗ, ಆ ಹುಡುಗ ಎಂದವನು ಒಂದು ಸಲವೂ ಫ್ಲೋರಿನ್ ಎನ್ನಲಿಲ್ಲ.

"ಜಿಟಾ, ನೀನು ತಪ್ಪು ನೋಡಿರಬಹುದಾ? ಮಂಜಿತ್ತಲ್ವಾ?"

"ಅವತ್ತು ಆಕಾಶ ತೊಳೆದಿಟ್ಟಂಗಿತ್ತು. ಯಾಕೆ? ಥೆಕ್ಲಾ? ಕೂತ್ಕೋ ಮೊದ್ಲು."

ಅವಳು ಕೂರಲಿಲ್ಲ. ಸ್ಕ್ರೂಡ್ರೈವರನ್ನು ಕರವಸ್ತ್ರದಲ್ಲಿ ಸುತ್ತಿ ಗಂಟು ಹಾಕಿದಳು. ಹೊರಗೆ ಬಂದು ಕಟಾಂಜನದ ಹತ್ತಿರ ನಿಂತಳು. ಎಲ್ಲಿ ನೋಡಿದರೂ ಮಂಜು. ಕೆಳಗೆ ಊರಿದೆ, ಊರಲ್ಲಿ ಆ ಅಂಗಡಿಯಿದೆ, ಅಂಗಡಿಯ ಗೋಡೆಯ ಮೇಲೆ ಕೆಂಪು ಬಣ್ಣದ ಒಂದು ಖಾಲಿ ಆಕಾರ ಕಾಯುತ್ತಿದೆ.

ಯಾಕೆ ಮಾಮ? ಆ ಗುಬ್ಬಚ್ಚಿ ನಿನಗೇನು ಮಾಡಿತ್ತು?

ಇದನ್ನು ಜೇಬಿಗೆ ಹಾಕಿಕೊಂಡು ಹೋಗಿ ಆ ಜಾಗದಲ್ಲಿ ನೇತುಹಾಕಿದರೆ ಮುಗಿಯಿತು. ಜಿಟಾ ಮರೆಯುತ್ತಾಳೆ. ವಕೀಲ ಬೇರೆ ಯಾರನ್ನೋ ಹುಡುಕುತ್ತಾನೆ. ನಾಳೆ ರುಪರ್ಟ್ ಪೆಟ್ಟಿಗೆಗೆ ಹೆಗಲು ಕೊಡುತ್ತಾನೆ, ಉಳಿದ ಆಯುಸ್ಸೆಲ್ಲ ತಾನೇ ಕೊಂದೆ ಎಂದು ಕುಡಿಯುತ್ತಾನೆ.

ಫೋನ್ ಮತ್ತೆ ಗುನುಗಿತು.

"ನಾನು ಮನೆಗೆ ಹೊರಟಿದೀನಿ ಇನ್‌ಸ್ಪೆಕ್ಟರ್," ಎಂದ ವೈಸ್ಕೋಫ್. "ಅಂಗಡಿಯವನದ್ದೇನೂ ತಪ್ಪಿಲ್ಲ ಅಂದ್ರಲ್ಲ. ಈ ಕಾಗದ ಹರಿದು ಬಿಸಾಕ್ಲಾ?"

ಥೆಕ್ಲಾ ಕೈಯಲ್ಲಿದ್ದ ಕರವಸ್ತ್ರದ ಗಂಟನ್ನು ನೋಡಿದಳು.

"ಹಲೋ? ಇದೀರಾ?"

"ಹರೀಬೇಡಿ ಸರ್," ಎಂದಳು. "ಹೆಸರು ಹಂಗೇ ಇರ್ಲಿ. ನಿರ್ಲಕ್ಷ್ಯ ಅನ್ನೋದನ್ನ ಹೊಡೆದುಹಾಕಿ."